ಪಾದದ ಕೀಲು ಸವೆದಾಗ: ಬೆಸೆಯುವುದೋ, ಬದಲಾಯಿಸುವುದೋ?

ಮಂಡಿ ಬದಲಾಯಿಸಿಕೊಂಡವರು ಈಗ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಮದುವೆ ಮನೆಯಲ್ಲಿ ಪಂಕ್ತಿ ಬಿಟ್ಟು ಟೇಬಲ್ ಊಟಕ್ಕೆ ಕೂತ ಹಿರಿಯರಲ್ಲಿ ಒಬ್ಬಿಬ್ಬರಾದರೂ ಆ ಆಪರೇಷನ್ನಿನ ಕಥೆ ಹೇಳಬಲ್ಲರು. ಪಾದದ ಕೀಲು, ಅಂದರೆ ಕಣಕಾಲು ಪಾದಕ್ಕೆ ಸೇರುವ ಗಂಟನ್ನು ಬದಲಾಯಿಸಿಕೊಂಡವರು ಯಾರಾದರೂ ಗೊತ್ತೇ ಎಂದು ಕೇಳಿ ನೋಡಿ. ಇಲ್ಲವೆಂಬ ಉತ್ತರವೇ ಹೆಚ್ಚು. ಇದು ನಮ್ಮ ದೇಶದ ಹಿಂದುಳಿದಿರುವಿಕೆಯೇನಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆಂದು ಶುರುವಾದ ರಾಷ್ಟ್ರೀಯ ಕೀಲು ನೋಂದಣಿಯಲ್ಲೂ ವರ್ಷಕ್ಕೆ ಮಂಡಿಗಳು ಲಕ್ಷದ ಲೆಕ್ಕದಲ್ಲಿದ್ದರೆ ಪಾದದ ಕೀಲುಗಳು ಸಾವಿರದ ಆಸುಪಾಸು. ಆ ನೋಂದಣಿ ಪಾದದ ಕೀಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಆರಂಭಿಸಿದ್ದೇ 2010ರಲ್ಲಿ.

ಹೀಗಾಗಿ ಪಾದದ ಕೀಲು ಸವೆದು ಹೋಗಿದೆ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಮಂಡಿಯ ಅನುಭವವನ್ನೇ ಇಲ್ಲಿಗೂ ಅನ್ವಯಿಸುತ್ತಾರೆ: ‘ಸವೆದಿದ್ದರೆ ಬದಲಾಯಿಸಿಬಿಡಲಿ, ಅತ್ತೆಯವರು ಆರು ವಾರದಲ್ಲಿ ಓಡಾಡಲಿಲ್ಲವೇ?’ ಆ ಲೆಕ್ಕ ಇಲ್ಲಿ ಕೂಡುವುದಿಲ್ಲ. ಮಂಡಿಗೆ ಸಾಮಾನ್ಯವಾಗಿ ಬಳಸದ ಇನ್ನೊಂದು ದಾರಿ ಪಾದಕ್ಕೆ ಇದೆ. ಸವೆದ ಕೀಲನ್ನು ಬೆಸೆದು ಎರಡು ಮೂಳೆಯನ್ನು ಒಂದೇ ಮಾಡಿಬಿಡುವುದು. ಕೇಳಿದರೆ ಹಿಂದಿನ ಕಾಲದ ಒರಟು ಉಪಾಯದಂತೆ ತೋರುತ್ತದೆ. ಆದರೆ ಒಳ್ಳೆಯ ಪಾದತಜ್ಞರು ಇವತ್ತಿಗೂ ಅದನ್ನು ಬದಲಾವಣೆಗೆ ಸರಿಸಮವಾಗಿಟ್ಟೇ ಮಾತನಾಡುತ್ತಾರೆ. ಯಾಕೆ ಎಂಬುದು ಗೊತ್ತಾಗಬೇಕಾದರೆ ಈ ಕೀಲಿನ ರಚನೆಯನ್ನು ಸ್ವಲ್ಪ ನೋಡಬೇಕು.

ನಿಮ್ಮ ಪಾದದ ಮೇಲೆ ಎರಡೂ ಬದಿಗೆ ಉಬ್ಬಿರುವ ಗೆಣ್ಣುಗಳನ್ನು ಮುಟ್ಟಿ ನೋಡಿಕೊಳ್ಳಿ. ಒಳಬದಿಯದು ಕೆಳಗಾಲಿನ ದಪ್ಪ ಮೂಳೆ ಟಿಬಿಯಾದ ತುದಿ; ಹೊರಬದಿಯದು ಅದರ ಪಕ್ಕದ ಸಣಕಲು ಮೂಳೆ ಫಿಬುಲಾದ್ದು. ಈ ಎರಡರ ನಡುವಿನ ಸಂದಿನಲ್ಲಿ, ಬಡಗಿ ಕೊರೆದ ತೋಡಿನೊಳಗೆ ಮರದ ನಾಲಿಗೆ ಕೂರುವಂತೆ, ಟಾಲಸ್ ಎಂಬ ಗುಮ್ಮಟದಾಕಾರದ ಮೂಳೆ ಬಿಗಿಯಾಗಿ ಕೂತಿರುತ್ತದೆ. ಈ ಟಾಲಸ್ ಒಂದು ವಿಚಿತ್ರ ಮೂಳೆ. ಇದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೇಲ್ಮೈಯ ಸುಮಾರು ಶೇ 60 ಭಾಗವನ್ನು ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ಮೇಲಿರುವ ನುಣುಪಾದ ಪದರ, ಮುಚ್ಚಿದೆ. ರಕ್ತನಾಳಗಳು ಒಳಹೋಗಬೇಕಾದರೆ ಉಳಿದ ಕಿರಿದಾದ ಜಾಗದಿಂದಲೇ ಹೋಗಬೇಕು. ಪೆಟ್ಟು ಬಿದ್ದು ಆ ನಾಳಗಳು ಹರಿದರೆ ಮೂಳೆ ಒಳಗೊಳಗೇ ಸಾಯುತ್ತದೆ. ಕೃತಕ ಕೀಲಿನ ಅರ್ಧ ಭಾಗ ನಿಲ್ಲಬೇಕಾದದ್ದು ಇಂಥ ಮೂಳೆಯ ಮೇಲೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಮಂಡಿಚಿಪ್ಪಿನ ಹಿಂಬದಿಯಲ್ಲಿ ಮೃದ್ವಸ್ಥಿಯ ದಪ್ಪ 5 ಮಿಲಿಮೀಟರ್ ದಾಟುವುದುಂಟು. ಪಾದದ ಕೀಲಿನಲ್ಲಿ ಅದು ಒಂದರಿಂದ ಎರಡು ಮಿಲಿಮೀಟರ್ ಅಷ್ಟೇ. ಭಾರ ತಾಳುವ ಜಾಗ ಮಂಡಿಯ ಮೂರನೇ ಒಂದು ಭಾಗದಷ್ಟು. ನಡೆಯುವಾಗ ಅದರ ಮೇಲೆ ಬೀಳುವ ಒತ್ತಡ ದೇಹತೂಕದ ಸುಮಾರು ಐದು ಪಟ್ಟು. ಇಷ್ಟೆಲ್ಲ ಇದ್ದರೂ ಸುಮ್ಮನೆ ವಯಸ್ಸಾಯಿತೆಂದು ಮಂಡಿ ಸವೆದಂತೆ ಪಾದದ ಕೀಲು ಸವೆಯುವುದು ಅಪರೂಪ. ಬಿಗಿಯಾದ ಹೊಂದಾಣಿಕೆಯೇ ಅದರ ಬಲ. ಆ ಹೊಂದಾಣಿಕೆ ತಪ್ಪಿತೋ, ಅಲ್ಲಿಂದ ಸವೆತ ಆರಂಭ. 1976ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಇಬ್ಬರು ವೈದ್ಯರು ಶವಗಳ ಕಾಲುಗಳ ಮೇಲೆ ಪರೀಕ್ಷೆ ನಡೆಸಿ ತೋರಿಸಿದ ಸಂಗತಿ ಇದು: ಟಾಲಸ್ ಕೇವಲ ಒಂದು ಮಿಲಿಮೀಟರ್ ಹೊರಕ್ಕೆ ಸರಿದರೆ ಮೂಳೆಗೆ ಮೂಳೆ ತಾಗುವ ಜಾಗ ಶೇ 42ರಷ್ಟು ಕಡಿಮೆಯಾಗುತ್ತದೆ. ಅದೇ ಭಾರ, ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಜಾಗ.

ಅದಕ್ಕೇ ತೀವ್ರ ಸವೆತದ ಪಾದದ ಕೀಲುಗಳಲ್ಲಿ ಹತ್ತರಲ್ಲಿ ಏಳರಷ್ಟಕ್ಕೆ ಹಳೆಯ ಪೆಟ್ಟೇ ಕಾರಣ. ಬೈಕ್ ಜಾರಿ ಮುರಿದ ಗೆಣ್ಣು, ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಹೊರಳಿದ ಪಾದ, ಎತ್ತರದಿಂದ ಬಿದ್ದು ಜಜ್ಜಿದ ಟಿಬಿಯಾದ ತುದಿ, ಪದೇ ಪದೇ ಉಳುಕಿ ಸಡಿಲಗೊಂಡ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಪಟ್ಟಿ). ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ‘ಉಳುಕಿರಬೇಕು’ ಎಂದು ಎಣ್ಣೆ ನೀವಿಸಿಕೊಂಡು, ಬಿದಿರು ದಬ್ಬೆ ಇಟ್ಟು ಕಟ್ಟು ಹಾಕಿಸಿಕೊಂಡು ಸುಮ್ಮನಾಗುವವರು ಇಂದಿಗೂ ಇದ್ದಾರೆ. ಕಟ್ಟು ಬಿಚ್ಚಿದಾಗ ಕಾಲು ಹೊರಗಿನಿಂದ ನೆಟ್ಟಗೇ ಕಾಣುತ್ತದೆ; ಒಳಗೆ ಎರಡು ಮಿಲಿಮೀಟರ್ ಸರಿದಿರುವುದು ಕಣ್ಣಿಗಾಗಲಿ ಕೈಗಾಗಲಿ ತಿಳಿಯುವಂಥದ್ದಲ್ಲ. ತೊಡೆಮೂಳೆಯಲ್ಲಾದರೆ ಎರಡು ಮಿಲಿಮೀಟರನ್ನು ಯಾರೂ ಕೇಳುವುದಿಲ್ಲ, ಈ ಕೀಲು ಮಾತ್ರ ಬಿಡುವುದಿಲ್ಲ. ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ರೂಪುಗೊಂಡ ಸರಳ ನಿಯಮವೊಂದು ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ: ಬಿದ್ದಾಗ ಮತ್ತು ಆಮೇಲೆ ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗೆಣ್ಣಿನ ಹಿಂಬದಿಯ ಮೂಳೆಯನ್ನು ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಯಲೇಬೇಕು. ಸವೆತದ ನೋವು ಹತ್ತೋ ಇಪ್ಪತ್ತೋ ವರ್ಷದ ಮೇಲೆ ಬರುವುದರಿಂದ, ಆ ಹೊತ್ತಿಗೆ ಬಿದ್ದದ್ದೇ ಮರೆತಿರುತ್ತದೆ.

ಉಳಿದ ಕಾರಣಗಳೂ ಇವೆ: ರುಮಟಾಯ್ಡ್ ಸಂಧಿವಾತ, ಹಿಮೋಫಿಲಿಯಾದವರ ಕೀಲಿನೊಳಗಿನ ರಕ್ತಸ್ರಾವ, ಗೌಟ್, ಹಳೆಯ ಸೋಂಕು. ಆದರೆ ಮುಖ್ಯ ಗುಂಪು ಪೆಟ್ಟಿನದೇ ಆದ್ದರಿಂದ ಇಲ್ಲಿ ರೋಗಿಗಳು ಮಂಡಿಯವರಿಗಿಂತ ಚಿಕ್ಕವರು, ಇನ್ನೂ ದುಡಿಯುವ ವಯಸ್ಸಿನವರು. ಡಚ್ ಫುಟ್‌ಬಾಲ್ ಆಟಗಾರ ಮಾರ್ಕೊ ವಾನ್ ಬಾಸ್ಟೆನ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1993ರ ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಅವರ ಕೊನೆಯ ಪಂದ್ಯವಾಯಿತು. ಎರಡು ವರ್ಷ ಚಿಕಿತ್ಸೆಗಳಲ್ಲೇ ಕಳೆದು 1995ರಲ್ಲಿ, 30ರ ವಯಸ್ಸಿಗೆ, ನಿವೃತ್ತಿ ಘೋಷಿಸಿದರು. ರಾತ್ರಿ ಬಚ್ಚಲುಮನೆಗೆ ಅಂಬೆಗಾಲಿಟ್ಟು ಹೋಗುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಅವರು ಕೀಲನ್ನು ಬದಲಾಯಿಸಿಕೊಳ್ಳಲಿಲ್ಲ, ಬೆಸೆಸಿಕೊಂಡರು.

ಚಾಕುವಿಗೆ ಮುಂಚೆ

ಆಪರೇಷನ್ ಮೊದಲ ಮೆಟ್ಟಿಲಲ್ಲ. ತೂಕ ಇಳಿಸುವುದು, ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ ಕೋಲು ಹಿಡಿಯುವುದು, ಗೆಣ್ಣಿಗೆ ಬಿಗಿ ಪಟ್ಟಿ, ಹೆಜ್ಜೆ ತಾನಾಗಿ ಮುಂದಕ್ಕೆ ಉರುಳುವಂತೆ ಅಟ್ಟೆಯನ್ನು ಬಾಗಿಸಿ ಮಾಡಿದ ಬೂಟು, ಆಗಾಗ ನೋವಿನ ಮಾತ್ರೆ ಅಥವಾ ಸ್ಟೆರಾಯ್ಡ್ ಇಂಜೆಕ್ಷನ್. ಇವುಗಳಿಂದಲೇ ಹಲವರು ವರ್ಷಗಟ್ಟಲೆ ತಳ್ಳುತ್ತಾರೆ. ಆ ಬೂಟು ನೋಡಲು ಚೆನ್ನಾಗಿಲ್ಲವೆಂದು ಮೂಲೆಗೆಸೆಯುವವರೇ ಹೆಚ್ಚು, ಅದು ಬೇರೆ ಮಾತು. ನಮ್ಮ ನಗರಗಳಲ್ಲಿ ಜೋರಾಗಿ ಮಾರಾಟವಾಗುತ್ತಿರುವ ಪಿಆರ್‌ಪಿ ಇಂಜೆಕ್ಷನ್, ಅಂದರೆ ರೋಗಿಯದೇ ರಕ್ತದಿಂದ ಪ್ಲೇಟ್‌ಲೆಟ್ ಅಂಶವನ್ನು ಬೇರ್ಪಡಿಸಿ ಕೀಲಿಗೆ ಚುಚ್ಚುವುದು, ಪಾದದ ಮಟ್ಟಿಗೆ ಪರೀಕ್ಷೆಯಲ್ಲಿ ಸೋತಿದೆ. ನೆದರ್ಲೆಂಡ್ಸ್‌ನಲ್ಲಿ 100 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿಆರ್‌ಪಿ ಪಡೆದವರಿಗೂ ಬರೀ ಉಪ್ಪುನೀರು ಚುಚ್ಚಿಸಿಕೊಂಡವರಿಗೂ 26 ವಾರಗಳ ಕೊನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಾವಿರಾರು ರೂಪಾಯಿ ಕಟ್ಟುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು.

ಸವೆತ ಕೀಲಿನ ಒಂದೇ ಬದಿಗೆ ಇದ್ದು, ಕಾಲು ಓರೆಯಾಗಿದ್ದರೆ ಟಿಬಿಯಾವನ್ನು ಕತ್ತರಿಸಿ ನೇರ ಮಾಡಿ ಭಾರವನ್ನು ಚೆನ್ನಾಗಿರುವ ಬದಿಗೆ ವರ್ಗಾಯಿಸುವ ಶಸ್ತ್ರಚಿಕಿತ್ಸೆ ಇದೆ. ಎಳೆಯ ವಯಸ್ಸಿನವರಿಗೆ ಅದು ಒಳ್ಳೆಯ ದಾರಿ. ಕೀಲು ಪೂರ್ತಿ ಹೋಗಿದ್ದರೆ ಮಾತ್ರ ಬೆಸುಗೆ ಮತ್ತು ಬದಲಾವಣೆಯ ಪ್ರಶ್ನೆ.

ಬೆಸುಗೆ, ವೈದ್ಯರ ಮಾತಿನಲ್ಲಿ ಫ್ಯೂಷನ್, 1879ರಷ್ಟು ಹಳೆಯದು. ಉಳಿದಿರುವ ಮೃದ್ವಸ್ಥಿಯನ್ನೆಲ್ಲ ಕೆರೆದು ತೆಗೆದು, ರಕ್ತ ಜಿನುಗುವ ಎರಡು ಮೂಳೆಯ ಮುಖಗಳನ್ನು ಒಂದಕ್ಕೊಂದು ಒತ್ತಿ, ಎರಡು ಮೂರು ಸ್ಕ್ರೂ ಬಿಗಿಯುತ್ತಾರೆ. ಮುರಿದ ಮೂಳೆ ಕೂಡುವ ಹಾಗೆಯೇ ಇವೂ ಕೂಡಿಕೊಳ್ಳುತ್ತವೆ. ಓರೆ ಇಲ್ಲದಿದ್ದರೆ ಇದನ್ನು ಆರ್ತ್ರೋಸ್ಕೋಪ್, ಅಂದರೆ ಕೀಲಿನೊಳಗೆ ಇಣುಕುವ ಕ್ಯಾಮೆರಾ ಕೊಳವೆಯ ಮೂಲಕ ಸಣ್ಣ ರಂಧ್ರಗಳಿಂದಲೇ ಮಾಡಬಹುದು. ಪಾದವನ್ನು ಕಾಲಿಗೆ 90 ಡಿಗ್ರಿಯಲ್ಲಿ, ಬೆರಳುಗಳು ತುಸು ಹೊರಕ್ಕೆ ತಿರುಗಿರುವಂತೆ ನಿಲ್ಲಿಸುತ್ತಾರೆ. ಈ ಕೋನ ತಪ್ಪಿದರೆ ಜೀವನವಿಡೀ ಮಂಡಿ ಅನುಭವಿಸಬೇಕಾಗುತ್ತದೆ. ಸರಿಯಾಗಿ ಕೂಡಿಕೊಂಡರೆ ಆ ಕೀಲಿನ ನೋವು ಮುಗಿದ ಕಥೆ. ಮತ್ತು ಜನ ಹೆದರುವಂತೆ ಪಾದ ಮರದ ತುಂಡಾಗುವುದಿಲ್ಲ. ಅದರ ಮುಂದಿನ, ಕೆಳಗಿನ ಸಣ್ಣ ಕೀಲುಗಳು ಸ್ವಲ್ಪ ಮೇಲೆ ಕೆಳಗೆ ಆಡುತ್ತವೆ. ಬೂಟು ಹಾಕಿ ಸಮತಟ್ಟಾದ ರಸ್ತೆಯಲ್ಲಿ ನಡೆಯುತ್ತಿರುವವರನ್ನು ಹಿಂದಿನಿಂದ ನೋಡಿದರೆ ಬೆಸುಗೆ ಆಗಿದೆಯೆಂದು ಹೇಳುವುದು ಕಷ್ಟ. ಏರು, ಇಳಿಜಾರು, ಗದ್ದೆಯ ಬದುಗಳಲ್ಲಿ ಮಾತ್ರ ತಿಳಿಯುತ್ತದೆ.

ಬೆಲೆ ತೆರಬೇಕಾಗುವುದು ನಂತರ. ಒಂದು ಕೀಲಿನ ಕೆಲಸವನ್ನು ನೆರೆಯ ಕೀಲುಗಳು ಹೊರಬೇಕು. ಅಮೆರಿಕದ ಅಯೋವಾದ ವೈದ್ಯರು ಬೆಸುಗೆಯಾದ 23 ಜನರನ್ನು ಸರಾಸರಿ 22 ವರ್ಷದ ನಂತರ ಪರೀಕ್ಷಿಸಿ 2001ರಲ್ಲಿ ಬರೆದ ವರದಿಯಲ್ಲಿ, ಬಹುತೇಕರಿಗೆ ಟಾಲಸ್ ಕೆಳಗಿನ ಕೀಲು ಸವೆದಿತ್ತು. 70 ವರ್ಷದವರಿಗೆ ಇದು ದೊಡ್ಡ ಚಿಂತೆಯಲ್ಲ. 45ರವರಿಗೆ ಹೌದು. ಎರಡೂ ಕಾಲಿಗೆ ಬೆಸುಗೆ ಹಾಕುವುದನ್ನು ಸಾಧ್ಯವಾದಷ್ಟು ತಪ್ಪಿಸುವುದೂ ಇದೇ ಕಾರಣಕ್ಕೆ.

ಬದಲಾವಣೆಯ ದಾರಿ

ಕೃತಕ ಪಾದದ ಕೀಲಿನ ಮೊದಲ ಅಧ್ಯಾಯ ಸೋಲಿನದು. 1970ರಲ್ಲಿ ಫ್ರಾನ್ಸ್‌ನ ಲೋರ್ ಮತ್ತು ಮಾರೋತ್ ಎಂಬ ವೈದ್ಯರು ಸೊಂಟದ ಕೃತಕ ಕೀಲಿನ ಕಲ್ಪನೆಯನ್ನೇ ತಲೆಕೆಳಗು ಮಾಡಿ, ಉದ್ದನೆಯ ದಂಡವನ್ನು ಟಿಬಿಯಾದೊಳಗೆ ಇಳಿಸಿದರು. ಟಾಲಸ್ ಮೂಳೆಯನ್ನು ಪೂರ್ತಿಯಾಗಿ ತೆಗೆದು, ಹಿಮ್ಮಡಿ ಮೂಳೆಯಲ್ಲಿ ಬಟ್ಟಲೊಂದನ್ನು ಸಿಮೆಂಟಿನಿಂದ ಕೂರಿಸಿದರು. 25 ಜನರಿಗೆ ಅಳವಡಿಸಿದ್ದರಲ್ಲಿ ಹತ್ತು ವರ್ಷದ ಬಳಿಕ ತೃಪ್ತಿಕರ ಎನ್ನಬಹುದಾದವು 7. ಪಾದದ ಕೀಲು ಬರೀ ಮೇಲೆ ಕೆಳಗೆ ಆಡುವ ಕದದ ತಿರುಗುಣಿಯಲ್ಲ. ಆಡುತ್ತಲೇ ತುಸು ತಿರುಗುತ್ತದೆ, ತುಸು ಜಾರುತ್ತದೆ. ಬಿಗಿಯಾಗಿ ಕೂಡಿಸಿದ ಆ ಕಾಲದ ಕೀಲುಗಳು ಈ ತಿರುಚನ್ನು ತಾಳಲಾರದೆ ಸಿಮೆಂಟಿನ ಅಂಚಿನಲ್ಲಿ ಸಡಿಲಗೊಂಡವು. ಅಮೆರಿಕದ ಮೇಯೊ ಕ್ಲಿನಿಕ್ ತನ್ನದೇ ವಿನ್ಯಾಸದ ಕೀಲನ್ನು ಇನ್ನು ಬಳಸಬೇಡಿ ಎಂದು 1990ರ ದಶಕದಲ್ಲಿ ತಾನೇ ಬರೆಯಬೇಕಾಯಿತು.

ಕೃತಕ ಪಾದದ ಕೀಲನ್ನು ಉಳಿಸಿದ್ದು ಎರಡು ಸುಧಾರಣೆ. ಸಿಮೆಂಟ್ ಬಿಟ್ಟು ಲೋಹದ ಮೇಲ್ಮೈಯನ್ನು ಸೂಕ್ಷ್ಮ ರಂಧ್ರಗಳಿಂದ ಒರಟಾಗಿಸಿ, ಮೂಳೆಯೇ ಅದರೊಳಗೆ ಬೆಳೆದು ಹಿಡಿದುಕೊಳ್ಳುವಂತೆ ಮಾಡಿದ್ದು ಒಂದು. ಎರಡು ಲೋಹಗಳ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಯನ್ನಿಟ್ಟು ಸ್ವಲ್ಪ ಸ್ವಾತಂತ್ರ್ಯ ಕೊಟ್ಟದ್ದು ಇನ್ನೊಂದು. ಡೆನ್ಮಾರ್ಕ್‌ನ ಹೋಕನ್ ಕೋಫೊಡ್ ಅವರ ‘ಸ್ಟಾರ್’ ಕೀಲಿನಲ್ಲಿ ಈ ಬಿಲ್ಲೆ ಎತ್ತಲೂ ಅಂಟಿಕೊಳ್ಳದೆ ಜಾರಬಲ್ಲದು. ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2009ರಲ್ಲಿ. ಈಚಿನ ಹಲವು ಕೀಲುಗಳಲ್ಲಿ ಬಿಲ್ಲೆಯನ್ನು ಮೇಲಿನ ಲೋಹಕ್ಕೆ ಕಚ್ಚಿಸಿರುತ್ತಾರೆ. ಯಾವುದು ಮೇಲು ಎಂಬ ಜಗಳ ತಜ್ಞರಲ್ಲಿ ಇನ್ನೂ ಮುಗಿದಿಲ್ಲ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವುದು ಹೀಗೆ. ಸಾಮಾನ್ಯವಾಗಿ ಪಾದದ ಮುಂಭಾಗದಲ್ಲಿ ಗೇಣಿಗಿಂತ ತುಸು ಕಡಿಮೆ ಉದ್ದದ ನೇರ ಗಾಯ ಮಾಡುತ್ತಾರೆ. ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜು ಮತ್ತು ಪಾದವನ್ನು ಎತ್ತುವ ರಜ್ಜುಗಳ ನಡುವಿನಿಂದ ಒಳಹೋಗುವಾಗ, ಪಾದಕ್ಕೆ ರಕ್ತ ಒಯ್ಯುವ ನಾಳ ಮತ್ತು ಅದರ ಜೊತೆಗಿನ ನರ ಅಲ್ಲೇ ಇರುತ್ತವೆ. ಅವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಬೇಕು. ಕೀಲು ಕಂಡ ಮೇಲೆ ಸುತ್ತ ಬೆಳೆದ ಮೂಳೆ ಮುಳ್ಳುಗಳನ್ನು ಒಡೆದು ತೆಗೆಯುತ್ತಾರೆ. ನಂತರ ಕತ್ತರಿಸಲು ದಾರಿ ತೋರುವ ಅಚ್ಚನ್ನು ಟಿಬಿಯಾಕ್ಕೆ ಪಿನ್ನುಗಳಿಂದ ಕೂರಿಸಿ, ಸಿ-ಆರ್ಮ್ ಎಕ್ಸ್‌ರೇಯಲ್ಲಿ ಮುಂದಿನಿಂದಲೂ ಪಕ್ಕದಿಂದಲೂ ಮತ್ತೆ ಮತ್ತೆ ನೋಡುತ್ತಾರೆ. ಈಚೆಗೆ ರೋಗಿಯ ಸಿಟಿ ಸ್ಕ್ಯಾನ್ ಆಧರಿಸಿ ಅವರದೇ ಮೂಳೆಗೆ ಹೊಂದುವ ಅಚ್ಚನ್ನು ತ್ರೀಡಿ ಮುದ್ರಣದಲ್ಲಿ ಮೊದಲೇ ಮಾಡಿಸುವುದೂ ಉಂಟು. ಸಮಯದ ಬಹುಪಾಲು ಹೋಗುವುದು ಈ ಅಳತೆಯಲ್ಲೇ. ಕತ್ತರಿಸುವುದು ನಿಮಿಷಗಳ ಕೆಲಸ: ಟಿಬಿಯಾದ ತುದಿಯಿಂದ ತೆಳ್ಳನೆಯ ಹೋಳು, ಟಾಲಸ್‌ನ ಗುಮ್ಮಟದಿಂದ ಇನ್ನೂ ತೆಳ್ಳನೆಯದು. ಗರಗಸ ತುಸು ಒಳಕ್ಕೆ ವಾಲಿದರೆ ಒಳಗೆಣ್ಣು ಮುರಿಯುತ್ತದೆ. ಪ್ರಯೋಗದ ತುಂಡುಗಳನ್ನಿಟ್ಟು ಪಾದವನ್ನು ಮೇಲೆ ಕೆಳಗೆ ಆಡಿಸಿ ನೋಡಿ, ಟಿಬಿಯಾಕ್ಕೆ ಒಂದು, ಟಾಲಸ್‌ಗೆ ಒಂದು ಲೋಹದ ಭಾಗವನ್ನು ಬಡಿದು ಕೂರಿಸಿ, ನಡುವೆ ಬಿಲ್ಲೆ ತೂರಿಸುತ್ತಾರೆ. ಮೀನಖಂಡ ಬಿಗಿದುಕೊಂಡು ಪಾದ ಮೇಲೇಳದಿದ್ದರೆ ಅದನ್ನೂ ಸ್ವಲ್ಪ ಉದ್ದ ಮಾಡಬೇಕಾಗುತ್ತದೆ. ಹಿಮ್ಮಡಿ ಓರೆಯಾಗಿದ್ದರೆ ಅದನ್ನು ಸರಿಪಡಿಸದೆ ಕೀಲು ಕೂರಿಸಿ ಪ್ರಯೋಜನವಿಲ್ಲ. ಓರೆ ಬಿದ್ದ ಭಾರ ಬಿಲ್ಲೆಯ ಒಂದೇ ಅಂಚನ್ನು ತಿನ್ನುತ್ತದೆ.

ಹೊಲಿಗೆ ಹಾಕುವಾಗಲೂ ಎಚ್ಚರ ಬೇಕು. ಪಾದದ ಮುಂಭಾಗದಲ್ಲಿ ಚರ್ಮದ ಕೆಳಗೆ ಕೊಬ್ಬೂ ಇಲ್ಲ, ಮಾಂಸವೂ ಇಲ್ಲ. ಅಲ್ಲಿ ಗಾಯ ಬಾಯಿಬಿಟ್ಟರೆ ಕೆಳಗೇ ಲೋಹ. ಧೂಮಪಾನ ಬಿಡದವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಕಾಲಿನ ರಕ್ತಸಂಚಾರ ಕೆಟ್ಟವರಿಗೆ ವೈದ್ಯರು ಈ ಆಪರೇಷನ್ ಬೇಡವೆನ್ನುವುದು ಹಟದಿಂದಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನವೇ ಹೋಗಿ ಮೂಳೆಗಳು ಕುಸಿದಿದ್ದರೆ ಕೃತಕ ಕೀಲಿನ ಮಾತೇ ಇಲ್ಲ. ಟಾಲಸ್‌ನ ದೊಡ್ಡ ಭಾಗ ಸತ್ತಿದ್ದರೂ ಅಷ್ಟೆ, ಲೋಹ ನಿಲ್ಲಲು ನೆಲವಿಲ್ಲ.

ಹಾಗಾದರೆ ಎರಡರಲ್ಲಿ ಯಾವುದು ಒಳ್ಳೆಯದು? ಈ ಪ್ರಶ್ನೆಯನ್ನು ಬ್ರಿಟನ್ನಿನ 17 ಆಸ್ಪತ್ರೆಗಳು ಸೇರಿ ‘ಟಾರ್ವಾ’ ಎಂಬ ಅಧ್ಯಯನದಲ್ಲಿ ನೇರವಾಗಿ ಎದುರಿಸಿದವು. 50ರಿಂದ 85 ವಯಸ್ಸಿನ 303 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಬೆಸುಗೆ, ಇನ್ನೊಂದಕ್ಕೆ ಬದಲಾವಣೆ. 2022ರಲ್ಲಿ ಫಲಿತಾಂಶ ಬಂತು. ನಡೆಯುವ ಮತ್ತು ನಿಲ್ಲುವ ತೊಂದರೆಗೆ ಕೊಟ್ಟ ಅಂಕ ನೂರಕ್ಕೆ 80ರ ಸುಮಾರಿನಲ್ಲಿದ್ದದ್ದು ಒಂದು ವರ್ಷದಲ್ಲಿ ಎರಡೂ ಗುಂಪಿನಲ್ಲಿ 30 ಮತ್ತು 40ರ ನಡುವೆ ಇಳಿಯಿತು. ಬದಲಾವಣೆ ತುಸು ಮುಂದಿದ್ದರೂ ಆ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಿರಲಿಲ್ಲ. ಭಿನ್ನವಾಗಿದ್ದದ್ದು ತೊಡಕುಗಳು. ಗಾಯ ಮಾಯದ ತೊಂದರೆ ಬದಲಾವಣೆಯ ಗುಂಪಿನಲ್ಲಿ ಶೇ 13ರಷ್ಟು, ಬೆಸುಗೆಯಲ್ಲಿ ಶೇ 6ರಷ್ಟು. ನರಕ್ಕೆ ಪೆಟ್ಟಾದದ್ದೂ ಬದಲಾವಣೆಯಲ್ಲೇ ಹೆಚ್ಚು. ಬೆಸುಗೆಯ ಗುಂಪಿನಲ್ಲಿ ಶೇ 12ರಷ್ಟು ಮೂಳೆಗಳು ಕೂಡಿಕೊಂಡಿರಲಿಲ್ಲ, ಆದರೆ ಅವರಲ್ಲಿ ಕೆಲವರಿಗೆ ನೋವಿರಲಿಲ್ಲ. ಒಂದನ್ನು ಹೊಸತು, ಇನ್ನೊಂದನ್ನು ಹಳತು ಎಂದು ತೂಗುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ನನ್ನ ತಿಳಿವಳಿಕೆಯಲ್ಲಿ ಬದಲಾವಣೆಯ ನಿಜವಾದ ಲಾಭ ಸಿಗುವುದು ಕೆಲವರಿಗೆ: ಅರವತ್ತರ ಆಚೀಚಿನವರು, ತೂಕ ಮಿತಿಯಲ್ಲಿರುವವರು, ಕಾಲು ಹೆಚ್ಚು ಓರೆಯಾಗದವರು. ಅದಕ್ಕಿಂತ ಹೆಚ್ಚಾಗಿ, ಟಾಲಸ್ ಕೆಳಗಿನ ಕೀಲೂ ಈಗಾಗಲೇ ಸವೆದಿರುವವರು ಅಥವಾ ಇನ್ನೊಂದು ಕಾಲು ಬೆಸುಗೆಯಾಗಿರುವವರು. ಅವರಿಗೆ ಇದನ್ನೂ ಬೆಸೆದರೆ ನಡಿಗೆ ಉಳಿಯುವುದಿಲ್ಲ. ದಿನವಿಡೀ ಮೂಟೆ ಹೊರುವ, ಏಣಿ ಹತ್ತುವ 40ರ ಯುವಕನಿಗೆ ಬೆಸುಗೆಯೇ ಹೆಚ್ಚು ನಂಬಿಕೆಯದು.

ನೆಲದ ಮೇಲೆ ಕೂರುವವರಿಗೆ

ವಿದೇಶಿ ಕೈಪಿಡಿಗಳು ಹೇಳದ, ನಮ್ಮವರು ಮೊದಲು ಕೇಳುವ ಪ್ರಶ್ನೆ ಬೇರೆ: ಕೆಳಗೆ ಕೂರಬಹುದೇ? ಸಮತಟ್ಟಿನಲ್ಲಿ ನಡೆಯಲು ಪಾದದ ಕೀಲು ಒಟ್ಟು 25ರಿಂದ 30 ಡಿಗ್ರಿ ಆಡಿದರೆ ಸಾಕು. ಕೃತಕ ಕೀಲು ಕೊಡುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಆಪರೇಷನ್ನಿಗೆ ಮುಂಚೆಯೇ ಬಿಗಿದುಕೊಂಡ ಪಾದ ಆಮೇಲೆ ಸಡಿಲವಾಗಿಬಿಡುತ್ತದೆ ಎಂದು ನಿರೀಕ್ಷಿಸಬಾರದು. ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರುಗಾಲಿನಲ್ಲಿ ಕೂರಲು ಪಾದ ಮೇಲ್ಮುಖವಾಗಿಯೇ 30 ಡಿಗ್ರಿಗೂ ಹೆಚ್ಚು ಮಡಚಬೇಕು. ಅದು ಬದಲಾವಣೆಯಿಂದಲೂ ಬರುವುದಿಲ್ಲ, ಬೆಸುಗೆಯಿಂದಂತೂ ಇಲ್ಲ. ವಜ್ರಾಸನ, ನಮಾಜಿನ ಭಂಗಿಗಳಿಗೆ ಪಾದ ಹಿಂದಕ್ಕೆ ಪೂರ್ತಿ ಚಾಚಬೇಕು, ಅದೂ ಕಷ್ಟ. ಕುರ್ಚಿ, ಕಮೋಡ್ ಎರಡೂ ದಾರಿಯಲ್ಲೂ ಅನಿವಾರ್ಯವೆಂದುಕೊಂಡೇ ಮನೆ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಓಟ, ಜಿಗಿತ ಬೇಡ. ನಡಿಗೆ, ಸೈಕಲ್, ಈಜು ಆಗಬಹುದು.

ಖರ್ಚಿನ ಮಾತು ಬಂದಾಗಲೂ ಮಂಡಿಯ ಲೆಕ್ಕ ತಪ್ಪುತ್ತದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿದ್ದು ಮಂಡಿಯ ಇಂಪ್ಲಾಂಟ್‌ಗಳಿಗೆ. ಪಾದದ ಕೀಲು ಆ ಆದೇಶದಲ್ಲಿ ಇರಲಿಲ್ಲ. ವಿಮೆ ಇದ್ದವರು ಇಂಪ್ಲಾಂಟ್‌ನ ಬೆಲೆ ಪೂರ್ತಿ ಬರುತ್ತದೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ವೈದ್ಯರಿಗೆ: ಈ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಸಾವಿರ ಮಂಡಿ ಮಾಡಿದ ಕೈಗೂ ಪಾದ ಹೊಸತೇ. ಕೇಳಲು ಸಂಕೋಚಪಡಬೇಕಾಗಿಲ್ಲ.

ಆಪರೇಷನ್ ಆದ ಮೊದಲ ಎರಡು ವಾರ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟು ಮಲಗಿರುವುದೇ ದೊಡ್ಡ ಔಷಧಿ. ಊತ ಹೆಚ್ಚಿದಷ್ಟೂ ಆ ತೆಳು ಚರ್ಮದ ಹೊಲಿಗೆಗೆ ಸಂಕಟ. ಎರಡು ಮೂರು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ. ಕಾಲೂರಲು ಬಿಡುವ ಸಮಯ ವೈದ್ಯರಿಂದ ವೈದ್ಯರಿಗೆ ಬೇರೆ, ಎರಡು ವಾರದಿಂದ ಆರು ವಾರದವರೆಗೆ. ಬೆಸುಗೆಯಾದರೆ ಮೂಳೆ ಕೂಡಲು ಇನ್ನೂ ಹೆಚ್ಚು, ಸುಮಾರು ಮೂರು ತಿಂಗಳು. ಸಂಜೆಯ ಹೊತ್ತಿನ ಊತ ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಇರುತ್ತದೆ. ಅದನ್ನು ಕಂಡು ಆಪರೇಷನ್ ಕೆಟ್ಟಿತೆಂದು ತಿಳಿಯಬಾರದು.

ಎಷ್ಟು ವರ್ಷ ಬಾಳುತ್ತದೆ? ಬೇರೆ ಬೇರೆ ದೇಶಗಳ ನೋಂದಣಿಗಳಲ್ಲಿ ಅಂಕಿಗಳು ಒಂದೇ ತೆರನಾಗಿಲ್ಲ. ಸ್ವೀಡನ್ನಿನ ಹಳೆಯ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ನೂರರಲ್ಲಿ 70ರಷ್ಟು ಉಳಿದಿದ್ದವು. ಹೊಸ ವಿನ್ಯಾಸಗಳಲ್ಲಿ 80ರಿಂದ 90. ಸೊಂಟ, ಮಂಡಿಗಳಲ್ಲಿ ಇದು 95ರ ಸುಮಾರು. ಕೆಟ್ಟ ಕೃತಕ ಕೀಲನ್ನು ತೆಗೆದಾಗ ಮೂಳೆ ಕಡಿಮೆಯಾಗಿರುತ್ತದೆ. ಆಗ ಮತ್ತೊಂದು ಕೀಲು ಹಾಕಬೇಕು, ಇಲ್ಲವೇ ಬೇರೆಡೆಯ ಮೂಳೆ ತುಂಬಿ ಬೆಸೆಯಬೇಕು. ಆ ಬೆಸುಗೆಗೆ ಹಲವು ಸಲ ಹಿಮ್ಮಡಿಯಿಂದ ಟಿಬಿಯಾದವರೆಗೆ ಉದ್ದನೆಯ ಸರಳು ತೂರಿಸಬೇಕಾಗಿ, ಕೆಳಗಿನ ಕೀಲೂ ಜೊತೆಗೆ ಹೋಗುತ್ತದೆ.

ತೊಂದರೆ ಶುರುವಾಗುವುದು ಸದ್ದಿಲ್ಲದೆ. ಸವೆದ ಪ್ಲಾಸ್ಟಿಕ್ಕಿನ ಪುಡಿಗೆ ದೇಹ ಪ್ರತಿಕ್ರಿಯಿಸಿ ಲೋಹದ ಹಿಂದಿನ ಮೂಳೆಯಲ್ಲಿ ಪೊಳ್ಳುಗಳು ಬೆಳೆಯುತ್ತವೆ, ನೋವು ಕಾಣಿಸುವ ಹೊತ್ತಿಗೆ ಅವು ದೊಡ್ಡದಾಗಿರುತ್ತವೆ. ಅದಕ್ಕೆ ನೋವಿಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ತಪ್ಪದೆ ನಿಂತು ತೆಗೆಯುವ ಎಕ್ಸ್‌ರೇ ಆಗಬೇಕು. 2021ರ ಮಾರ್ಚ್‌ನಲ್ಲಿ ಎಫ್‌ಡಿಎ ಸ್ಟಾರ್ ಕೀಲಿನ ಪ್ಲಾಸ್ಟಿಕ್ ಬಿಲ್ಲೆಗಳು ನಿರೀಕ್ಷೆಗಿಂತ ಹೆಚ್ಚು ಮುರಿಯುತ್ತಿವೆ ಎಂದು ಎಚ್ಚರಿಸಿತು. ಅಂಥ ಸುದ್ದಿ ಬಂದಾಗ ತಮ್ಮ ಕಾಲಿನೊಳಗೆ ಇರುವುದು ಯಾವುದು ಎಂದು ತಿಳಿದಿರಬೇಕಲ್ಲ? ಆಪರೇಷನ್ ಮುಗಿದಾಗ ಕೀಲಿನ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಇರುವ ಸಣ್ಣ ಸ್ಟಿಕರ್‌ಗಳನ್ನು ಆಸ್ಪತ್ರೆಯ ಕಡತಕ್ಕೆ ಅಂಟಿಸುತ್ತಾರೆ. ಬಿಡುಗಡೆಯ ದಿನ ಅವುಗಳ ಒಂದು ಪ್ರತಿಯನ್ನು ಕೇಳಿ ಪಡೆದು, ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಕಳುಹಿಸಿಡಿ.